ಇತಿಹಾಸ ಬದಲಿಸಬಹುದು, ರೋಟರ್ ಬದಲಿಸಲಾಗದು

1965ರ ಆಗಸ್ಟ್ 9ರಂದು ಸಿಂಗಪುರ ಮಲೇಷ್ಯಾದಿಂದ ಬೇರೆಯಾಯಿತು. ಸೇನೆ ಕಟ್ಟಲು ಒಬ್ಬ ಸಲಹೆಗಾರರನ್ನು ಕಳಿಸಿಕೊಡಿ ಎಂದು ಪ್ರಧಾನಿ ಲೀ ಕ್ವಾನ್ ಯೂ ನಮ್ಮ ಲಾಲ್ ಬಹದ್ದೂರ್ ಶಾಸ್ತ್ರಿಯವರಿಗೆ ಪತ್ರ ಬರೆದರು. ದೆಹಲಿಯಿಂದ ಶುಭ ಹಾರೈಕೆ ಬಂತು, ಸಲಹೆಗಾರರ ಪ್ರಸ್ತಾಪವೇ ಇರಲಿಲ್ಲ ಎಂದು ಲೀ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಅದೇ ವರ್ಷ ಬೆಂಗಳೂರಿನ ಎಚ್‌ಎಎಲ್, ಫ್ರಾನ್ಸಿನ ಪರವಾನಗಿ ಪಡೆದು ಜೋಡಿಸಿದ ಅಲುಯೆಟ್ 3 ಹೆಲಿಕಾಪ್ಟರುಗಳನ್ನು ಒಪ್ಪಿಸಲು ಶುರುಮಾಡಿತು. ನಾವು ಚೇತಕ್ ಎಂದು ಕರೆಯುವುದು ಅದನ್ನೇ. ಅದೇ ವರ್ಷದ ಸೆಪ್ಟೆಂಬರ್ 7ರಂದು ಅಮೆರಿಕದಲ್ಲಿ ಕೋಬ್ರಾ ಎಂಬ ದಾಳಿ ಹೆಲಿಕಾಪ್ಟರ್ ಮೊದಲ ಬಾರಿ ಹಾರಿತು.

ಈ ಮೂರು ಎಳೆಗಳನ್ನು ಸೇರಿಸಿ ಹೊಸೆದರೆ ಏನಾಗುತ್ತಿತ್ತು? ಶಾಸ್ತ್ರಿಯವರು ಹೂಂ ಎಂದಿದ್ದರೆ, ಚೇತಕ್‌ನ ಒಡಲನ್ನು ಸಪೂರಗೊಳಿಸಿ ಬೆಂಗಳೂರು ತಯಾರಿಸಿದ ದಾಳಿ ಹೆಲಿಕಾಪ್ಟರ್ 1970ರ ಸಿಂಗಪುರದಲ್ಲಿ ಹಾರುತ್ತಿತ್ತೇ? ಇದೇ ಸಿಂಗಪುರದ ಟೋವಾ ಪಾಯೋ ಬಡಾವಣೆಯಲ್ಲಿರುವ ನಮ್ಮ ಎಚ್‌ಡಿಬಿ (ಸರ್ಕಾರಿ ವಸತಿ) ಫ್ಲ್ಯಾಟಿನ ಮೇಜಿನ ಮೇಲೆ ನಾನು ಕಟ್ಟುತ್ತಿರುವುದು ಆ ಹೆಲಿಕಾಪ್ಟರಿನ ಮಾದರಿಯನ್ನು. ಅಳತೆ 72ಕ್ಕೆ 1. ಮಾದರಿ ಕಟ್ಟುವವರು ಇಂಥ ಕೆಲಸವನ್ನು ‘ವಾಟ್-ಇಫ್’ ಎನ್ನುತ್ತಾರೆ, ಕಿಟ್‌ಗಳ ಭಾಗಗಳನ್ನು ಕತ್ತರಿಸಿ ಕೂಡಿಸುವುದನ್ನು ‘ಕಿಟ್‌ಬ್ಯಾಶಿಂಗ್’ ಎನ್ನುತ್ತಾರೆ. ಮೂಲ ಯಂತ್ರಕ್ಕಂತೂ ಈ ಊರಿನ ನಂಟು ನಿಜವಾಗಿಯೇ ಇದೆ. 1969ರಲ್ಲಿ ಸಿಂಗಪುರ ತನ್ನ ಮೊದಲ ಹೆಲಿಕಾಪ್ಟರುಗಳಾಗಿ ಆರಿಸಿಕೊಂಡದ್ದು ಅಲುಯೆಟ್ 3ನ್ನೇ.

ಕಲ್ಪನೆಯ ಯಂತ್ರವಾದರೆ ಮನಬಂದಂತೆ ಕಟ್ಟಬಹುದಲ್ಲ ಎಂದು ಹಲವರು ಭಾವಿಸುತ್ತಾರೆ. ಬದಲಿಸಲು ಸಿಗುವುದು ಇತಿಹಾಸ ಮಾತ್ರ, ಭೌತಶಾಸ್ತ್ರ ಕೈಗೆ ಸಿಗುವುದಿಲ್ಲ.

ಮೊದಲು ಒಡಲನ್ನು ನೋಡೋಣ. ಅಲುಯೆಟ್‌ನ ಗಾಜಿನ ಮುಂಭಾಗ ಮೂವರು ಅಕ್ಕಪಕ್ಕ ಕೂರುವಷ್ಟು ಅಗಲ. ಎದುರು ಗಾಳಿಗೆ ಒಡ್ಡಿಕೊಳ್ಳುವ ಮೈ ದೊಡ್ಡದಾದಷ್ಟೂ ತಡೆ ಹೆಚ್ಚು. ಆ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ, ವೇಗ ಎರಡರಷ್ಟಾದರೆ ಎಂಟರಷ್ಟಾಗುತ್ತದೆ. ಕೋಬ್ರಾದ ವಿನ್ಯಾಸಕರು ಚಾಲಕ ಮತ್ತು ಗನ್ನರ್ ಇಬ್ಬರನ್ನೂ ಒಬ್ಬರ ಹಿಂದೊಬ್ಬರಂತೆ ಕೂರಿಸಿ ಒಡಲಿನ ಅಗಲವನ್ನು ಒಂದು ಮೀಟರಿನ ಆಸುಪಾಸಿಗೆ ಇಳಿಸಿದರು. ನನ್ನ ಮಾದರಿಯಲ್ಲಿ ಅದು 14 ಮಿಲಿಮೀಟರ್. ಶತ್ರುವಿನ ಗುಂಡಿಗೂ ಗುರಿ ಅಷ್ಟೇ ಕಿರಿದಾಗುತ್ತದೆ.

ಎರಡನೆಯದು ಸಮತೋಲ. ಹಾರುವಾಗ ಹೆಲಿಕಾಪ್ಟರಿನ ಇಡೀ ಭಾರ, ಮೇಲೆ ತಿರುಗುವ ಅಲಗುಗಳ ಚಕ್ರವಾದ ರೋಟರಿನ ಕಂಬದಿಂದ ನೇತಾಡುತ್ತಿರುತ್ತದೆ. ತಕ್ಕಡಿಯ ಮುಳ್ಳಿನ ಹಾಗೆ ಗುರುತ್ವಕೇಂದ್ರ ಆ ಕಂಬದ ಹತ್ತಿರವೇ ಇರಬೇಕು. ಮೂತಿಯನ್ನು ಉದ್ದ ಮಾಡಿ, ಗನ್ನರ್‌ನನ್ನು ಮುಂದೆ ಕೂರಿಸಿ, ಅವನ ಕಾಲಡಿಗೆ ಬಂದೂಕು ತೂಗುಹಾಕಿದರೆ ಮುಂಭಾಗ ಬಾಗುತ್ತದೆ. ಅದಕ್ಕೆ ಚಾಲಕನ ಆಸನವನ್ನು ಕಂಬದ ಬುಡಕ್ಕೆ ಒತ್ತಬೇಕು, ಇಂಧನದ ಟ್ಯಾಂಕನ್ನೂ ಅಲ್ಲಿಯೇ ಇಡಬೇಕು. ಹೀಗಾಗಿ ಪ್ಲಾಸ್ಟಿಕ್ ಹಾಳೆಗೆ ಕತ್ತರಿ ಹಾಕುವ ಮೊದಲು ಕಾಗದದ ಮೇಲೆ ಪಕ್ಕನೋಟ ಬರೆದು ಕಂಬದ ಗೆರೆ ಎಳೆದುಕೊಳ್ಳುತ್ತೇನೆ.

ಮೂರನೆಯದು ತೂಕದ ಲೆಕ್ಕ. ಅಲುಯೆಟ್ 3 ಖಾಲಿಯಿದ್ದಾಗ ಸುಮಾರು 1,140 ಕೆಜಿ. ಎಲ್ಲ ಸೇರಿ 2,200 ಕೆಜಿ ದಾಟುವಂತಿಲ್ಲ. ಟ್ಯಾಂಕ್ ತುಂಬಿದರೆ ಇಂಧನವೇ 450 ಕೆಜಿ, ಸಜ್ಜಾದ ಇಬ್ಬರು ಯೋಧರು 200 ಕೆಜಿ. ಉಳಿಯುವ 400 ಕೆಜಿಯಲ್ಲಿ ರಕ್ಷಾಕವಚ, ಬಂದೂಕು, ಗುಂಡು, ಕ್ಷಿಪಣಿ ಎಲ್ಲವೂ ಆಗಬೇಕು. ಆ ಕಾಲದ ಎಎಸ್.11 ಕ್ಷಿಪಣಿಯ ತೂಕ 30 ಕೆಜಿ. ಪಕ್ಕದ ಮೊಂಡುರೆಕ್ಕೆಗಳಲ್ಲಿ ಅಂಥ ನಾಲ್ಕನ್ನು ತೂಗುಹಾಕಿದರೆ ಲೆಕ್ಕ ಕೂಡಿಬರುತ್ತದೆ. ಹದಿನಾರನ್ನು ಅಂಟಿಸಿದರೆ ನೋಡಲು ಭರ್ಜರಿಯಾಗಿರುತ್ತದೆ, ಆದರೆ ಆ ಯಂತ್ರ ನೆಲ ಬಿಟ್ಟು ಏಳುವುದಿಲ್ಲ. ಸಿಂಗಪುರದ ಬಿಸಿ, ತೇವದ ಗಾಳಿ ತೆಳು. ರೋಟರಿಗೆ ಸಿಗುವ ಎತ್ತುಬಲವೂ ಅದರಿಂದ ಕಡಿಮೆ.

ಇನ್ನು ರೋಟರ್. ನಿಜವಾದ ಯಂತ್ರದಲ್ಲಿ ಅದರ ವ್ಯಾಸ 11.02 ಮೀಟರ್, ಮಾದರಿಯಲ್ಲಿ 153 ಮಿಲಿಮೀಟರ್. ನಿಮಿಷಕ್ಕೆ ಸುಮಾರು 350 ಸುತ್ತು ತಿರುಗುವಾಗ ಅಲಗಿನ ತುದಿ ಗಂಟೆಗೆ 700 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿರುತ್ತದೆ. ಆಗ ಅಲಗುಗಳನ್ನು ಹೊರಕ್ಕೆ ಸೆಳೆದು ಬಿಗಿಯಾಗಿ ಹಿಡಿದಿಡುವುದು ಕೇಂದ್ರಾಪಗಾಮಿ ಬಲ. ನಿಂತಾಗ ಆ ಬಲ ಇಲ್ಲ, ಅಲಗುಗಳು ಸ್ವಂತ ಭಾರಕ್ಕೆ ತುದಿಯತ್ತ ಜೋತುಬೀಳುತ್ತವೆ. ಕಿಟ್‌ನಲ್ಲಿ ಬರುವ ಅಲಗುಗಳೋ ನೆಟ್ಟಗಿರುತ್ತವೆ. ಬಿಸಿನೀರಿನಲ್ಲಿ ಅದ್ದಿ, ಬೆರಳಿನಿಂದ ಸ್ವಲ್ಪವೇ ಬಾಗಿಸಿ, ತಣ್ಣೀರಿಗೆ ಹಿಡಿದರೆ ಆ ಬಾಗು ಹಾಗೇ ನಿಲ್ಲುತ್ತದೆ. ಬುಡ ನೇರವಾಗಿದ್ದು ಬಾಗು ತುದಿಯತ್ತ ಹೆಚ್ಚುತ್ತ ಹೋಗಬೇಕು.

ಬಣ್ಣಕ್ಕೆ ಟೋವಾ ಪಾಯೋದ ಹವೆಯನ್ನು ಕೇಳಲೇಬೇಕು. ಇಲ್ಲಿ ಬೆಳಗಿನ ಜಾವ ಗಾಳಿಯ ತೇವ ಶೇ 90 ದಾಟುತ್ತದೆ, ಮಳೆಯಿಲ್ಲದ ಮಧ್ಯಾಹ್ನ ಶೇ 60ರ ಸುಮಾರಿಗೆ ಇಳಿಯುತ್ತದೆ. ಲ್ಯಾಕರ್ ಬಣ್ಣ ಸಿಂಪಡಿಸಿದಾಗ ಅದರ ದ್ರಾವಕ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾಗುತ್ತದೆ. ಗಾಳಿ ತೇವವಾಗಿದ್ದರೆ ನೀರು ಅಲ್ಲಿಯೇ ಸಾಂದ್ರಗೊಂಡು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಆದ್ದರಿಂದ ಸಿಂಪಡಿಸುವ ಕೆಲಸ ಮಧ್ಯಾಹ್ನವೇ. ಪದರ ಕೂಡ ತೆಳುವಾಗಿರಬೇಕು: ಮಾದರಿಯ ಮೇಲಿನ 0.1 ಮಿಲಿಮೀಟರ್ ಬಣ್ಣ ಎಂದರೆ ನಿಜ ಯಂತ್ರದ ಮೇಲೆ 7 ಮಿಲಿಮೀಟರ್ ಬಳಿದಂತೆ. ಚಿಹ್ನೆಯಲ್ಲೂ ಎಚ್ಚರ ಬೇಕು. ಸಿಂಗಪುರ ವಾಯುಪಡೆಯ ಸಿಂಹದ ತಲೆ ಬಂದದ್ದು 1990ರಲ್ಲಿ; 1970ರ ಕಥೆ ಹೇಳುವ ಯಂತ್ರದ ಮೇಲೆ ಅದು ಕೂರದು.

“ಅಂಕಲ್, ಇದು ನಿಜವಾಗ್ಲೂ ಇತ್ತಾ?” ಎಂದು ಪಕ್ಕದ ಬ್ಲಾಕಿನ ಕನ್ನಡದ ಹುಡುಗ ಕೇಳುತ್ತಾನೆ. ಇದೇ ಇರಲಿಲ್ಲ, ಇದರ ಅಣ್ಣತಮ್ಮಂದಿರು ಇದ್ದರು ಎನ್ನುತ್ತೇನೆ. ಅಲುಯೆಟ್ 3ರ ಎಂಜಿನ್, ರೋಟರ್ ಉಳಿಸಿಕೊಂಡು ಸಪೂರ ಒಡಲು ಕೂಡಿಸಿದ ಐಎಆರ್ 317 ಎಂಬ ಹೆಲಿಕಾಪ್ಟರನ್ನು ರೊಮೇನಿಯಾ 1984ರಲ್ಲಿ ಹಾರಿಸಿತು. ಮರುವರ್ಷ ದಕ್ಷಿಣ ಆಫ್ರಿಕಾ ಅದೇ ದಾರಿಯಲ್ಲಿ ಎಕ್ಸ್‌ಎಚ್-1 ಆಲ್ಫಾ ಹಾರಿಸಿತು. ಕೋಬ್ರಾ ಕೂಡ ಹ್ಯೂಯಿ ಎಂಬ ಸಾಗಣೆ ಹೆಲಿಕಾಪ್ಟರಿನ ಮಗುವೇ. ಭಾರತೀಯ ಸೇನೆಗೆ ಎತ್ತರದಲ್ಲಿ ಹಾರುವ ಯಂತ್ರ ಬೇಕಾದಾಗ ಫ್ರೆಂಚರು ಅಲುಯೆಟ್ 2ರ ಹಗುರ ಒಡಲಿಗೆ ಅಲುಯೆಟ್ 3ರ ಎಂಜಿನ್, ರೋಟರ್ ಕೂಡಿಸಿದರು. ಅದೇ ಲಾಮಾ, ಎಚ್‌ಎಎಲ್ ಕಟ್ಟಿದಾಗ ಚೀತಾ. 1972ರ ಜೂನ್ 21ರಂದು ಫ್ರೆಂಚ್ ಚಾಲಕ ಜ್ಯಾಂ ಬೂಲೆ ಲಾಮಾದಲ್ಲಿ 12,442 ಮೀಟರ್ ಏರಿದರು.

ಕಾರ್ಗಿಲ್ ಯುದ್ಧ ಎತ್ತರದ ದಾಳಿ ಹೆಲಿಕಾಪ್ಟರಿನ ಕೊರತೆಯನ್ನು ತೋರಿಸಿದ ಮೇಲೆ ಎಚ್‌ಎಎಲ್ ಕೂಡ ತನ್ನ ಧ್ರುವ ಹೆಲಿಕಾಪ್ಟರಿನ ಎಂಜಿನ್, ಗೇರ್‌ಬಾಕ್ಸ್, ರೋಟರುಗಳನ್ನು ಇಟ್ಟುಕೊಂಡು ಸಪೂರ ಒಡಲು ಕಟ್ಟಿತು. 2010ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಅದು 2022ರಲ್ಲಿ ‘ಪ್ರಚಂಡ’ ಎಂಬ ಹೆಸರಿನಲ್ಲಿ ವಾಯುಪಡೆ ಸೇರಿತು. ಈ ಎಲ್ಲ ದೇಶಗಳ ಎಂಜಿನಿಯರುಗಳೂ ಇದೇ ಹಾದಿ ಹಿಡಿದದ್ದಕ್ಕೆ ಕಾರಣ ಸರಳ. ಹೆಲಿಕಾಪ್ಟರಿನಲ್ಲಿ ರೂಪಿಸಲು ಅತಿ ಕಷ್ಟವಾದದ್ದು, ಪರೀಕ್ಷಿಸಲು ಹೆಚ್ಚು ವರ್ಷ ಹಿಡಿಯುವುದು, ಈ ತಿರುಗುವ ಭಾಗಗಳೇ. ಅವು ಒಮ್ಮೆ ಪಳಗಿದವೆಂದರೆ ಒಡಲನ್ನು ಬೇಕಾದಂತೆ ಬದಲಿಸಬಹುದು.

ಹಾಗಾಗಿ ಆ ಹುಡುಗನಿಗೆ ಕಿಟ್ ಕೊಡುವಾಗ ಒಂದು ಷರತ್ತು ಹಾಕಿದ್ದೇನೆ. ಕತ್ತರಿ ಹಿಡಿಯುವ ಮೊದಲು ಒಂದು ಹಾಳೆಯ ಎಡಕ್ಕೆ ತಾನು ಬದಲಿಸುವ ಚರಿತ್ರೆಯನ್ನೂ ಬಲಕ್ಕೆ ಬದಲಿಸಲಾಗದ ತೂಕ, ಶಕ್ತಿ, ಸಮತೋಲದ ಅಂಕಿಗಳನ್ನೂ ಬರೆಯಬೇಕು. ಬಲಬದಿ ತುಂಬಿದಷ್ಟೂ ಎಡಬದಿಯ ಕಥೆ ನಂಬುವಂತಾಗುತ್ತದೆ.