‘ವರ್ಕೆಡ್’ ಅಲ್ಲ, ‘ವರ್ಕ್ಟ್’: ಇಂಗ್ಲಿಷ್ ಕ್ರಿಯಾಪದದ ಬಾಲಕ್ಕೆ ಮೂರು ದನಿ

ಇವತ್ತಿನ ಎಪಿಸೋಡ್ ಇಂಟರ್‌ವ್ಯೂಗೆ ರೆಡಿ ಆಗ್ತಿರೋರಿಗೆ. ನಾನು ಓದಿದ್ದು ಬಿ.ಕಾಂ., ಇಂಗ್ಲಿಷ್ ಮೇಷ್ಟ್ರ ಕೆಲಸ ನಂದಲ್ಲ. ಆದ್ರೆ ನನಗೆ ಬರೋ ಮೆಸೇಜ್‌ಗಳಲ್ಲಿ ಒಂದೇ ಭಯ ಮತ್ತೆ ಮತ್ತೆ ಕಾಣುತ್ತೆ: ಸಬ್ಜೆಕ್ಟ್ ಗೊತ್ತು, ಇಂಗ್ಲಿಷ್ ಬಾಯಿಗೆ ಬರಲ್ಲ.

ಮೊದಲೇ ಹೇಳ್ತೀನಿ, ಇಂಗ್ಲಿಷ್‌ನಲ್ಲಿ ಕನ್ನಡದ ದನಿ ಇಣುಕಿದ್ರೆ ಅದು ತಪ್ಪಲ್ಲ. ಅರ್ಥ ಕೆಡಬಾರದು, ಅಷ್ಟೇ. ‘ಐ ವರ್ಕ್ ದೇರ್’ ಅಂದ್ರೆ ಈಗಲೂ ಅಲ್ಲೇ ಕೆಲಸದಲ್ಲಿದ್ದೀರಿ. ‘ಐ ವರ್ಕ್ಟ್ ದೇರ್’ ಅಂದ್ರೆ ಅದು ಹಳೇ ಕೆಲಸ. ಕೊನೆಯ ಒಂದು ‘ಟ್’ ನುಂಗಿದ್ರೆ ಎದುರಿಗಿರೋರಿಗೆ ಬೇರೆಯೇ ಕಥೆ ಕೇಳಿಸುತ್ತೆ.

ಹಿಂದಿನ ಕಾಲಕ್ಕೆ ಬರೆಯೋ ‘ಇ-ಡಿ’ಗೆ (ರೇಡ್ ಮಾಡೋ ಇ.ಡಿ. ಅಲ್ಲ!) ಮೂರು ಉಚ್ಚಾರ. ಗಂಟಲ ಮೇಲೆ ಬೆರಳಿಟ್ಟು ಕ್ರಿಯಾಪದದ ಕೊನೆಯ ಸದ್ದು ಮಾತ್ರ ಹೇಳಿ. ಗಂಟಲು ಅದುರದಿದ್ರೆ ‘ಟ್’: ವರ್ಕ್ಟ್, ಹೆಲ್ಪ್ಟ್, ವಾಷ್ಟ್. ಅದುರಿದ್ರೆ ‘ಡ್’: ಕಾಲ್ಡ್, ಓಪನ್ಡ್. ಕೊನೆಯಲ್ಲಿ ಮೊದಲೇ ‘ಟ್’ ಅಥವಾ ‘ಡ್’ ಇದ್ರೆ ಮಾತ್ರ ‘ಇಡ್’: ಸ್ಟಾರ್ಟಿಡ್, ನೀಡಿಡ್.

ಇದೇನೂ ಹೊಸದಲ್ಲ. ಮಳೆ ಮತ್ತು ಕಾಲ ಸೇರಿದ್ರೆ ‘ಮಳೆಗಾಲ’ ಆಗಲ್ವಾ? ಹೈಸ್ಕೂಲಲ್ಲಿ ಓದಿದ ಆದೇಶ ಸಂಧಿ. ಪಕ್ಕದ ಸದ್ದಿನ ಸಹವಾಸಕ್ಕೆ ‘ಕ’ ಹೋಗಿ ‘ಗ’ ಬಂತು. ಇಂಗ್ಲಿಷ್‌ನಲ್ಲೂ ಪಕ್ಕದ ‘ಕ್’ ಸಹವಾಸಕ್ಕೆ ‘ಡ್’ ಹೋಗಿ ‘ಟ್’ ಬರುತ್ತೆ.

ಎರಡನೇದು, ‘ಐ ಡಿಡ್ ನಾಟ್ ವೆಂಟ್’. ಕನ್ನಡದಲ್ಲಿ ‘ಹೋದೆ’ ಅಂತೀವಿ, ಆದ್ರೆ ‘ಹೋದೆನಿಲ್ಲ’ ಅನ್ನಲ್ಲ, ‘ಹೋಗಲಿಲ್ಲ’ ಅಂತೀವಿ. ‘ಇಲ್ಲ’ ಬಂದ ತಕ್ಷಣ ‘ಹೋದ’ ರೂಪ ಜಾಗ ಬಿಡುತ್ತೆ. ಇಂಗ್ಲಿಷ್‌ನಲ್ಲೂ ‘ಡಿಡ್’ ಆಗಲೇ ಹಿಂದಿನ ಕಾಲವನ್ನ ಹೊತ್ತಿರುತ್ತೆ, ಮುಂದಿನ ಪದ ಅದನ್ನೇ ಮತ್ತೆ ಹೊರಬೇಕಿಲ್ಲ. ಹಾಗಾಗಿ ‘ಡಿಡ್ ನಾಟ್ ಗೋ’, ‘ಡಿಡ್ ನಾಟ್ ರಿಸೀವ್’. ಲೆಡ್ಜರ್‌ನಲ್ಲಿ ಒಂದೇ ಎಂಟ್ರಿನ ಎರಡು ಸಲ ಹಾಕಲ್ವಲ್ಲ, ಹಾಗೆ.

‘ಓದು’ ಅನ್ನೋ ಅರ್ಥದ ಪದಕ್ಕೆ ಎರಡೂ ಕಾಲದಲ್ಲಿ ಸ್ಪೆಲಿಂಗ್ ಒಂದೇ. ಆದ್ರೆ ದಿನಾ ಓದೋದು ‘ರೀಡ್’, ನಿನ್ನೆ ಓದಿದ್ದು ‘ರೆಡ್’. ಓದಲಿಲ್ಲ ಅನ್ನೋದಕ್ಕೆ ‘ಡಿಡ್ ನಾಟ್ ರೀಡ್’.

ಕೊನೆಗೆ, ಕಾಮರ್ಸ್‌ನೋರಿಗೆ ಒಂದು. ಸಾಲಕ್ಕೆ ‘ಡೆಟ್’ ಅನ್ನಿ, ನಡುವಿನ ‘ಬಿ’ ಮೂಕ. ಫ್ರೆಂಚ್‌ನಿಂದ ಬಂದಾಗ ಈ ಪದದಲ್ಲಿ ‘ಬಿ’ ಇರಲೇ ಇಲ್ಲ. ಲ್ಯಾಟಿನ್ ಮೂಲ ಕಾಣಲಿ ಅಂತ ಪಂಡಿತರು ಆಮೇಲೆ ಸ್ಪೆಲಿಂಗ್‌ಗೆ ತುರುಕಿದ್ರು, ಜನರ ಬಾಯಿ ಒಪ್ಪಲಿಲ್ಲ. ‘ರಿಸೀಟ್’ನಲ್ಲಿರೋ ‘ಪಿ’ ಕೂಡ ಹಾಗೇ ಸುಮ್ಮನೆ ಕೂತಿದೆ.

ಇವತ್ತು ರಾತ್ರಿ ಫೋನ್ ರೆಕಾರ್ಡರ್ ಆನ್ ಮಾಡಿ, ದಿನವಿಡೀ ಏನು ಮಾಡಿದ್ರಿ ಅಂತ ಐದು ವಾಕ್ಯ ಇಂಗ್ಲಿಷ್‌ನಲ್ಲಿ ಹೇಳಿ, ಕೇಳಿಸ್ಕೊಳ್ಳಿ. ಪದದ ಬಾಲ ಕೇಳಿಸ್ತಿದೆಯಾ ಅಂತ ಮಾತ್ರ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.