ಮಾದರಿ ಹಡಗು ಕಟ್ಟಿದವರು ಕಂಡುಕೊಂಡದ್ದು

ಮರದ ಹಾಯಿಹಡಗಿನ ಮಾದರಿ ಕಟ್ಟುವ ಹವ್ಯಾಸವನ್ನು ನಾವು ಸಾಮಾನ್ಯವಾಗಿ ಅಲಂಕಾರದ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಗಾಜಿನ ಪೆಟ್ಟಿಗೆಯೊಳಗೆ ಮೂರು ಕೂವೆಮರ, ಅವಕ್ಕೆ ಕಟ್ಟಿದ ಹಾಯಿ, ದಾರಗಳ ಜಾಲ. ನೋಡಿದವರು ಕಟ್ಟಿದವರ ತಾಳ್ಮೆಯನ್ನು ಕೊಂಡಾಡಿ ಮುಂದೆ ಹೋಗುತ್ತಾರೆ. ತಾಳ್ಮೆ ಬೇಕೆಂಬುದು ನಿಜ. ಆದರೆ ಮೆಚ್ಚುಗೆ ಅಲ್ಲಿಗೇ ನಿಂತರೆ ಈ ಕೆಲಸದ ದೊಡ್ಡ ಫಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹಡಗನ್ನು ಚಿಕ್ಕದಾಗಿ ಮತ್ತೆ ಕಟ್ಟುವುದೆಂದರೆ ಹಳೆಯ ಬಡಗಿಗಳು ಹೇಗೆ ಯೋಚಿಸಿದರು ಎಂಬುದನ್ನು ಹೆಜ್ಜೆಹೆಜ್ಜೆಗೂ ಪರೀಕ್ಷಿಸುವುದು. ಗ್ರಂಥ, ಚಿತ್ರ, ನಕ್ಷೆಗಳು ಕೊಡಲಾರದ ತಿಳಿವಳಿಕೆಯನ್ನು ಈ ಹವ್ಯಾಸ ಕೊಡಬಲ್ಲದು, ಕೊಟ್ಟೂ ಇದೆ.

ಇದಕ್ಕೆ ಬಲವಾದ ಸಾಕ್ಷಿ ಅಮೆರಿಕದ ಜೆ. ರಿಚರ್ಡ್ ಸ್ಟೆಫಿ. ಪೆನ್ಸಿಲ್ವೇನಿಯಾದ ಡೆನ್ವರ್ ಎಂಬ ಸಣ್ಣ ಊರಿನಲ್ಲಿ ಅವರದು ವಿದ್ಯುತ್ ಕೆಲಸದ ಕುಟುಂಬ ವ್ಯಾಪಾರ. ಬಿಡುವಿನ ವೇಳೆಯಲ್ಲಿ ಹಡಗಿನ ಮಾದರಿ ಕಟ್ಟುವ ಹುಚ್ಚು. ಪುರಾತತ್ತ್ವದಲ್ಲಿ ಯಾವ ಪದವಿಯೂ ಇರಲಿಲ್ಲ. 1960ರ ದಶಕದಲ್ಲಿ ಟರ್ಕಿಯ ಯಾಸ್ಸಿ ಅಡಾ ಬಳಿ ಸಮುದ್ರದಡಿ ಉತ್ಖನನ ನಡೆಸುತ್ತಿದ್ದ ಜಾರ್ಜ್ ಬಾಸ್ ಅವರಿಗೆ ಸ್ಟೆಫಿ ಪತ್ರ ಬರೆದು, ಅಲ್ಲಿ ಸಿಕ್ಕಿದ 7ನೇ ಶತಮಾನದ ಬೈಜಾಂಟಿಯನ್ ಹಡಗಿನ ಮಾದರಿ ಕಟ್ಟಲು ಮುಂದಾದರು. ಆ ಹಡಗು ಎರಡು ಕಾಲಗಳ ನಡುವೆ ನಿಂತಿತ್ತು. ನೀರಿನ ಮಟ್ಟದವರೆಗೆ ಅದರ ಹಲಗೆಗಳನ್ನು ಹಳೆಯ ಕ್ರಮದಂತೆ ಒಂದಕ್ಕೊಂದು ಅಂಚಿನಲ್ಲೇ ಬೆಸೆದಿದ್ದರು. ಅದರಿಂದ ಮೇಲಕ್ಕೆ ಮೊದಲು ಪಕ್ಕೆಮರಗಳನ್ನು ನಿಲ್ಲಿಸಿ, ಆಮೇಲೆ ಹಲಗೆ ಬಡಿದಿದ್ದರು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಇಂಥ ಪ್ರಶ್ನೆಯನ್ನು ಮಾದರಿ ಕಟ್ಟುವವರು ತಪ್ಪಿಸಿಕೊಳ್ಳುವಂತಿಲ್ಲ. ಚಿತ್ರ ಬರೆಯುವವರು ಯಾವ ತುದಿಯಿಂದ ಬೇಕಾದರೂ ಶುರು ಮಾಡಬಹುದು, ಕಟ್ಟುವವರಿಗೆ ಆ ಸೌಲಭ್ಯವಿಲ್ಲ.

ಸ್ಟೆಫಿಯವರ ದೊಡ್ಡ ಕೆಲಸ ಸೈಪ್ರಸ್ಸಿನ ಕೈರೀನಿಯಾ ಹಡಗಿನದು. ಕ್ರಿಸ್ತಪೂರ್ವ 4ನೇ ಶತಮಾನದ, ಸುಮಾರು 14 ಮೀಟರ್ ಉದ್ದದ ಈ ಗ್ರೀಕ್ ಸರಕುಹಡಗನ್ನು 1965ರಲ್ಲಿ ಮುಳುಗುಗಾರ ಆಂಡ್ರಿಯಾಸ್ ಕರಿಯೊಲು ಕಂಡರು. 1968-69ರಲ್ಲಿ ಮೈಕೆಲ್ ಕಾಟ್ಜೆವ್ ಅವರ ತಂಡ ಅದನ್ನು ತುಂಡುತುಂಡಾಗಿ ಮೇಲೆತ್ತಿತು. ಮೇಲೆ ಬಂದದ್ದು ನೀರು ಕುಡಿದು ಮೆತ್ತಗಾದ ಮರದ ಸಾವಿರಾರು ಚೂರುಗಳು. ಸ್ಟೆಫಿ ವ್ಯಾಪಾರ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಸೈಪ್ರಸ್ಸಿಗೆ ಹೋದರು. ಮೂಲ ಚೂರುಗಳನ್ನು ಜೋಡಿಸುವ ಮೊದಲು ತಮ್ಮ ಊಹೆಗಳನ್ನು ಮಾದರಿಗಳಲ್ಲಿ ಕಟ್ಟಿ ನೋಡಿದರು. ಆ ಹಡಗು ಕಟ್ಟಿದವರ ಕ್ರಮ ಇದು: ಹಲಗೆಯ ಅಂಚಿನಲ್ಲಿ ಕುಳಿ ತೋಡಿ, ಅದರಲ್ಲಿ ಮರದ ನಾಲಗೆ ಕೂರಿಸಿ, ಮೇಲಿನ ಹಲಗೆಯನ್ನು ಅದಕ್ಕೆ ತೊಡಿಸಿ ಗೂಟ ಹೊಡೆಯುವುದು. ಹೀಗೆ ಚಿಪ್ಪಿನಂಥ ಒಡಲು ಎದ್ದ ಮೇಲೆ ಒಳಗಿನ ಪಕ್ಕೆಮರಗಳನ್ನು ಸೇರಿಸುವುದು. ಮುಂದಿನ ಕಾಲದ ಯುರೋಪಿನ ಹಡಗುಗಳದು ಇದಕ್ಕೆ ತಿರುವುಮುರುವಾದ ಕ್ರಮ. ಮತ್ತೆ ಜೋಡಿಸಿದ ಆ ಒಡಲು ಇಂದಿಗೂ ಕೈರೀನಿಯಾದ ಕೋಟೆಯಲ್ಲಿದೆ. ಸ್ಟೆಫಿ ಟೆಕ್ಸಸ್‌ನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1985ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಂದಿತು. ಹವ್ಯಾಸಿಯೊಬ್ಬರ ಕೈ ಒಂದು ವಿದ್ಯಾಶಾಖೆಯನ್ನೇ ತಿದ್ದಿದ ಉದಾಹರಣೆ ಇದು.

ಕೈಗೆ ಈ ತಿಳಿವು ಹೇಗೆ ಬರುತ್ತದೆಂದು ನೋಡಲು ಮಾದರಿಯ ಒಡಲಿಗೆ ಹಲಗೆ ಹೊದಿಸುವ ಒಂದು ಹಂತ ಸಾಕು. ಹಡಗಿನ ನಡುವಿನಲ್ಲಿ ಅಡಿಮರದಿಂದ ಅಟ್ಟದ ಅಂಚಿನವರೆಗೆ ಒಂದು ಮಗ್ಗುಲಿನ ಸುತ್ತಳತೆ 12 ಸೆಂಟಿಮೀಟರ್ ಇದೆ ಎನ್ನೋಣ. 5 ಮಿಲಿಮೀಟರ್ ಅಗಲದ ಪಟ್ಟಿಗಳಾದರೆ 24 ಬೇಕು. ಆದರೆ ಮೂತಿಯ ಬಳಿ ಅದೇ ಅಳತೆ 7 ಸೆಂಟಿಮೀಟರಿಗೆ ಇಳಿದಿರುತ್ತದೆ. ಅಲ್ಲೂ 24 ಪಟ್ಟಿಗಳೇ ಕೂರಬೇಕಾದರೆ ಪ್ರತಿಯೊಂದನ್ನೂ ಸುಮಾರು 3 ಮಿಲಿಮೀಟರಿಗೆ ಕೀಸಬೇಕು. ಅಳತೆ ಇನ್ನೂ ಇಳಿದು ತುದಿ ಪಟ್ಟಿಯ ಅಗಲದ ಅರ್ಧಕ್ಕಿಂತ ಕಿರಿದಾದರೆ ಅದಕ್ಕೆ ಬಲವಿರುವುದಿಲ್ಲ. ಆಗ ಒಂದು ಹಲಗೆಯನ್ನು ನಡುವೆಯೇ ನಿಲ್ಲಿಸಿ, ಪಕ್ಕದ್ದನ್ನು ಅಗಲವಾಗಿ ಬಿಟ್ಟು ಮುಂದುವರಿಸಬೇಕಾಗುತ್ತದೆ. ಹಿಂಬದಿಯಲ್ಲಿ ಜಾಗ ಅಗಲವಾಗುತ್ತ ಹೋದರೆ ಚೂಪಾದ ತುಂಡುಗಳನ್ನು ನಡುವೆ ತುಂಬಬೇಕು. ಪಟ್ಟಿಯನ್ನು ಬಿಸಿನೀರಲ್ಲಿ ನೆನೆಸಿ ಬಾಗಿಸುವಾಗ ಅದು ಅಗಲದ ದಿಕ್ಕಿಗೆ ಬಾಗಲು ಒಪ್ಪುವುದಿಲ್ಲ; ಬಲವಂತ ಮಾಡಿದರೆ ಒಂದಂಚು ಮೇಲೇಳುತ್ತದೆ. ದೊಡ್ಡ ಹಡಗಿನ ಬಡಗಿಗಳೂ ಇದೇ ತೊಡಕಿಗೆ ಇದೇ ಪರಿಹಾರಗಳನ್ನು ಕಂಡುಕೊಂಡಿದ್ದರು. ಹಡಗಿನ ಆಕಾರದಲ್ಲಿ ಬಡಗಿಯ ಇಷ್ಟ ಎಷ್ಟು, ಮರದ ಹಟ ಎಷ್ಟು ಎಂಬುದು ಹೀಗೆ ಗೊತ್ತಾಗುತ್ತದೆ.

ಮಾದರಿಯಿಂದ ತಿಳಿವು ಪಡೆಯುವುದು ಕೇವಲ ಸ್ಟೆಫಿ ಒಬ್ಬರ ಸಾಧನೆಯೂ ಅಲ್ಲ. 17ನೇ ಶತಮಾನದಿಂದಲೇ ಇಂಗ್ಲೆಂಡಿನ ನೌಕಾಪಡೆಗಾಗಿ 1:48ರ ಪ್ರಮಾಣದಲ್ಲಿ, ಕೆಳಗಿನ ಹಲಗೆ ಹೊದಿಸದೆ ಪಕ್ಕೆಮರಗಳು ಕಾಣುವಂತೆ ಮಾದರಿಗಳನ್ನು ಕಟ್ಟುತ್ತಿದ್ದರು. ಆ ಕಾಲದ ಹಡಗುಗಳು ಬಹುತೇಕ ಅಳಿದಿವೆ. ಮಾದರಿಗಳು ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ. ಫ್ರಾನ್ಸಿನ ನೌಕಾಧಿಕಾರಿ ಎಡ್ಮಂಡ್ ಪಾರಿಸ್ 1830ರ ದಶಕದ ಯಾನಗಳಲ್ಲಿ ಏಷ್ಯಾದ ಬಂದರುಗಳ ನಾಡದೋಣಿಗಳನ್ನು ಅಳೆದು ಬರೆದುಕೊಂಡರು. ಅವುಗಳಲ್ಲಿ ಭಾರತದ ಕರಾವಳಿಯ ದೋಣಿಗಳೂ ಇದ್ದವು. ಮುಂದೆ ಪ್ಯಾರಿಸ್ಸಿನ ನೌಕಾ ಸಂಗ್ರಹಾಲಯದ ಮುಖ್ಯಸ್ಥರಾದಾಗ ಆ ರೇಖಾಚಿತ್ರಗಳನ್ನು ಆಧರಿಸಿ ಮಾದರಿಗಳನ್ನು ಕಟ್ಟಿಸಿದರು. ಬರೆದಿಟ್ಟದ್ದು ಸಾಲದು, ಕಟ್ಟಿಡಬೇಕು ಎಂದು ಅವರಿಗೆ ಅನಿಸಿತ್ತು.

ಆಕ್ಷೇಪಗಳಿಲ್ಲದಿಲ್ಲ. ಇಂದಿನ ಹವ್ಯಾಸಿಗಳಲ್ಲಿ ಅನೇಕರು ಲೇಸರ್‌ನಲ್ಲಿ ಕತ್ತರಿಸಿದ ತುಂಡುಗಳ ಸಿದ್ಧ ಕಿಟ್ ಕೊಂಡು ಸೂಚನೆಯಂತೆ ಜೋಡಿಸುತ್ತಾರೆ. ಅದರಲ್ಲಿ ಸಂಶೋಧನೆ ಎಲ್ಲಿ ಬಂತು ಎಂದು ಕೇಳಬಹುದು. ಕಿಟ್ ಕಟ್ಟಿದವರೆಲ್ಲ ಸ್ಟೆಫಿ ಆಗುವುದಿಲ್ಲ ಎಂಬುದು ಸರಿ. ಆದರೆ ಹಲಗೆ ಹೊದಿಸುವ ಮೇಲಿನ ಲೆಕ್ಕವನ್ನು ಕಿಟ್ ಕೂಡ ಪೂರ್ತಿ ಮಾಡಿಕೊಡುವುದಿಲ್ಲ, ಮತ್ತು ಎರಡು ಮೂರು ಕಿಟ್ ಮುಗಿಸಿದವರಲ್ಲಿಯೇ ನಕ್ಷೆ ಹಿಡಿದು ಸ್ವಂತ ಮರದಲ್ಲಿ ಕಟ್ಟುವವರು ಹುಟ್ಟುತ್ತಾರೆ. ಇನ್ನು ಕಂಪ್ಯೂಟರ್ ಇರುವಾಗ ಉಳಿ, ಅಂಟು ಏಕೆ ಎಂಬ ಪ್ರಶ್ನೆ. ಅಳತೆಗೆ, ದಾಖಲೆಗೆ, ನೀರಿನಲ್ಲಿ ತೇಲುವ ಲೆಕ್ಕಕ್ಕೆ ಕಂಪ್ಯೂಟರ್ ಬೇಕೇ ಬೇಕು. ಆದರೆ ಯಾರಾದರೂ ಮೊದಲೇ ತಿಳಿದು ತುಂಬಿಸದಿದ್ದರೆ ಪರದೆಯ ಮೇಲಿನ ಹಲಗೆ ಸೀಳುವುದಿಲ್ಲ, ಸುತ್ತಿಕೊಳ್ಳುವುದಿಲ್ಲ. ಹೆಚ್ಚು ಗಂಭೀರವಾದ ಆಕ್ಷೇಪ ಬೇರೊಂದು: ಚಿಕ್ಕ ಪಟ್ಟಿ ಬಾಗಿದಂತೆ ದಪ್ಪ ಹಲಗೆ ಬಾಗುವುದಿಲ್ಲ, ಆದ್ದರಿಂದ ಮಾದರಿ ದಾರಿ ತಪ್ಪಿಸಬಹುದು. ಇದನ್ನು ಒಪ್ಪಲೇಬೇಕು. ಮಾದರಿ ಅಂತಿಮ ತೀರ್ಪು ಕೊಡುವುದಿಲ್ಲ. ತಪ್ಪು ಊಹೆಗಳನ್ನು ಅಗ್ಗದಲ್ಲಿ ಕಳೆದುಹಾಕಿ ಸರಿಯಾದ ಪ್ರಶ್ನೆಯನ್ನು ಉಳಿಸಿಕೊಡುತ್ತದೆ. ಅದಕ್ಕೇ ಕೈರೀನಿಯಾ ಹಡಗಿನ ಪೂರ್ಣಗಾತ್ರದ ಪ್ರತಿರೂಪವನ್ನು ಗ್ರೀಸಿನಲ್ಲಿ 1985ರ ಹೊತ್ತಿಗೆ ಕಟ್ಟಿ ಕಡಲಿಗೆ ಇಳಿಸಿದರು. ಅದು ತೇಲಿತು, ಸೈಪ್ರಸ್ಸಿಗೆ ಯಾನವನ್ನೂ ಮಾಡಿತು.

ಇದೆಲ್ಲ ದೂರದ ಮಾತೆಂದು ಕನ್ನಡಿಗರು ಬದಿಗಿಡುವಂತಿಲ್ಲ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಹಡಗು ಅಜಂತಾದ ಚಿತ್ರವೊಂದನ್ನು ಆಧರಿಸಿದ್ದು. ಗೋವಾದಲ್ಲಿ ಕೇರಳದ ಕುಶಲಕರ್ಮಿಗಳು ಅದರ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದರು. ನಕ್ಷೆಯಾಗಲಿ ಅವಶೇಷವಾಗಲಿ ಇಲ್ಲದ ಆ ಹಡಗಿಗಾಗಿ ಮದ್ರಾಸ್ ಐಐಟಿಯಲ್ಲಿ ಮಾದರಿ ಕಟ್ಟಿ ನೀರಿನಲ್ಲಿ ಪರೀಕ್ಷಿಸಬೇಕಾಯಿತು. ಹಗ್ಗದಿಂದ ಹಲಗೆ ಹೊಲಿಯುವ ವಿದ್ಯೆ ನಮ್ಮ ಕರಾವಳಿಗೂ ಹೊಸದಲ್ಲ. ದಡದಿಂದ ಎಳೆಯುವ ದೊಡ್ಡ ಮೀನುಬಲೆಯಾದ ರಂಪಣಿಯ ದೋಣಿಗಳನ್ನು ಕಟ್ಟುತ್ತಿದ್ದದ್ದು ಹಾಗೆಯೇ. 1970ರ ದಶಕದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಮೂಲೆಗೆ ಸರಿಯಿತು, ಅದರೊಂದಿಗೆ ಆ ದೋಣಿ ಕಟ್ಟುವ ಕೆಲಸವೂ. ಮಂಗಳೂರಿನ ಹಳೆ ಬಂದರಿನಿಂದ ಸರಕು ಒಯ್ಯುತ್ತಿದ್ದ ಮಂಜಿಗಳ ಹಾಯಿಗಳನ್ನು ಎಂಜಿನ್ ಇಳಿಸಿತು.

ಆದ್ದರಿಂದ ಈ ಹವ್ಯಾಸಕ್ಕೆ ಕೈಹಾಕುವವರಲ್ಲಿ ಒಂದು ಬಿನ್ನಹ. ಇಂಗ್ಲೆಂಡಿನ ನೌಕಾಪತಿ ನೆಲ್ಸನ್ನನ ಹಡಗಿನ ಕಿಟ್ ಕಟ್ಟಿ ಕೈ ಪಳಗಿಸಿಕೊಳ್ಳಿ, ತಪ್ಪಿಲ್ಲ. ಎರಡನೆಯದೋ ಮೂರನೆಯದೋ ರಂಪಣಿ ದೋಣಿಯಾಗಲಿ, ಮಂಜಿಯಾಗಲಿ. ಕಡಲತೀರದಲ್ಲಿ ಉಳಿದಿರುವ ಒಡಲುಗಳನ್ನು ಟೇಪು ಹಿಡಿದು ಅಳೆಯಿರಿ. ದೋಣಿ ಕಟ್ಟಿದ ಹಿರಿಯ ಆಚಾರಿಗಳ ಬಳಿ ಕೂತು, ಯಾವ ಹಲಗೆ ಮೊದಲು, ಹೊಲಿಗೆ ಎಲ್ಲಿಂದ ಶುರು ಎಂದು ಕೇಳಿ ಬರೆದುಕೊಳ್ಳಿ. ಹಾಗೆಯೇ ಕಟ್ಟಿ ಅವರಿಗೆ ತೋರಿಸಿ ತಿದ್ದಿಸಿಕೊಳ್ಳಿ. ಕರಾವಳಿಯ ಶಾಲೆ, ಕಾಲೇಜುಗಳು ಇಂಥ ಒಂದೊಂದು ಮಾದರಿಗೆ ಜಾಗ ಕೊಡಲಿ. ಕೇಳಿದರೆ ಹೇಳಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.