ಮದುವೆಯಾದ ನರ್ಸ್ ಸೇನೆಗೆ ಸೇರಬಹುದೇ?

ಪ್ರಶ್ನೆ: ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಆರು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ವಯಸ್ಸು 29, ಮದುವೆಯಾಗಿದೆ. ಮಿಲಿಟರಿ ನರ್ಸ್ ಆಗುವ ಅವಕಾಶ ಇನ್ನೂ ಇದೆಯೇ?
— ಹೆಸರು ಬೇಡವೆಂದ ಓದುಗರು

ಉತ್ತರ: ಇದೆ. ಆದರೆ ನೀವು ಏನು ಓದಿದ್ದೀರಿ ಎಂಬುದನ್ನೇ ಬರೆದಿಲ್ಲವಲ್ಲ ತಂಗಿ! ಬಿ.ಎಸ್ಸಿ., ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಅಥವಾ ಎಂ.ಎಸ್ಸಿ. ನರ್ಸಿಂಗ್ ಆಗಿದ್ದು, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಿದ್ದರೆ ಶಾರ್ಟ್ ಸರ್ವಿಸ್ ಕಮಿಷನ್‌ಗೆ ಅರ್ಜಿ ಹಾಕಬಹುದು. ಬರೀ ಜಿಎನ್‌ಎಂ ಸಾಲದು. 2023-24ರ ನೇಮಕಾತಿಯಲ್ಲಿ ವಯೋಮಿತಿ 21ರಿಂದ 35 ಇತ್ತು. ಕಂಪ್ಯೂಟರ್ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ದಾಟಿದರೆ ಹೆಗಲ ಮೇಲೆ ಲೆಫ್ಟಿನೆಂಟ್ ನಕ್ಷತ್ರ. ಮೊದಲು ಐದು ವರ್ಷ. ಮುಂದುವರಿದರೆ ಒಟ್ಟು ಹದಿನಾಲ್ಕು.

ಮದುವೆಯ ಅಂಜಿಕೆ ನಿಮಗೆ ಸುಮ್ಮನೆ ಬಂದದ್ದಲ್ಲ. ಮಿಲಿಟರಿ ನರ್ಸಿಂಗ್ ಸೇವೆಯ ಲೆಫ್ಟಿನೆಂಟ್ ಸೆಲಿನಾ ಜಾನ್ ಮದುವೆಯಾದರೆಂದೇ 1988ರಲ್ಲಿ ಕೆಲಸ ಕಳೆದುಕೊಂಡರು. ಅದಕ್ಕೆ ಆಧಾರವಾಗಿದ್ದ 1977ರ ನಿಯಮ 1995ರಲ್ಲಿ ರದ್ದಾಯಿತು. ಆದರೂ ಅವರಿಗೆ ನ್ಯಾಯ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ: ಅದು ಮನಸೋಇಚ್ಛೆಯ ಕ್ರಮ ಎಂದ ಸುಪ್ರೀಂ ಕೋರ್ಟ್, 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮೂವತ್ತಾರು ವರ್ಷ ಬೇಕಾಯಿತು, ನೋಡಿ. ಈಗ ವಿವಾಹಿತೆಯರೂ ಅರ್ಜಿ ಹಾಕಬಹುದು.

ಪಕ್ಕದ ಬೆಳಗಾವಿಯಲ್ಲೇ ಮಿಲಿಟರಿ ಆಸ್ಪತ್ರೆಯಿದೆ ಎಂಬ ಲೆಕ್ಕ ಮಾತ್ರ ಹಾಕಬೇಡಿ. ದೇಶದ ಯಾವ ಮೂಲೆಗಾದರೂ ಕಳಿಸುತ್ತಾರೆ. ಮನೆಯವರಿಗೆ ಅದನ್ನು ಈಗಲೇ ಹೇಳಿಬಿಡಿ. ನೇಮಕಾತಿ ಆದೇಶ ಕೈಗೆ ಬರುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.